ತಾಯಿಯ ದೇಹ, ಮಕ್ಕಳ ದೇಹ: ರಾಷ್ಟ್ರರೂಪಕಗಳ ತರ್ಕ

ರಾಷ್ಟ್ರವನ್ನು ಇಡಿಯಾಗಿ ಕಣ್ಣಾರೆ ಕಂಡವರಿಲ್ಲ. ಕಾಣುವುದು ನೆಲ, ಜನ, ಕಚೇರಿ, ಗಡಿಕಲ್ಲು ಮಾತ್ರ. ಆದ್ದರಿಂದ ಅದನ್ನು ಕುರಿತು ಚಿಂತಿಸುವವರು ಮನೆ, ತಾಯಿ, ದೇಹ, ತೋಟ ಮುಂತಾದ ಪರಿಚಿತ ಸಂಗತಿಗಳನ್ನು ಆಶ್ರಯಿಸುತ್ತಾರೆ. ಉಪಮೆಯಲ್ಲಿ ಹೋಲಿಕೆಯ ಜೊತೆಗೆ ಭೇದವೂ ಉಳಿದಿರುತ್ತದೆ, ರೂಪಕದಲ್ಲಿ ಉಪಮೇಯ ಮತ್ತು ಉಪಮಾನಗಳಿಗೆ ಅಭೇದವನ್ನು ಆರೋಪಿಸಲಾಗುತ್ತದೆ ಎಂದು ನಮ್ಮ ಅಲಂಕಾರಶಾಸ್ತ್ರ ಬಹು ಹಿಂದೆಯೇ ಗುರುತಿಸಿತ್ತು. ರೂಪಕವು ಮಾತಿನ ಒಡವೆಯಷ್ಟೇ ಅಲ್ಲ, ವಿಚಾರ ಹರಿಯುವ ದಾರಿಯನ್ನೇ ಅದು ನಿರ್ಧರಿಸುತ್ತದೆ ಎಂದು ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರ ತಮ್ಮ ಕೃತಿಯಲ್ಲಿ ವಾದಿಸಿದರು. ಹಾಗಿದ್ದಲ್ಲಿ ಒಂದು ರಾಷ್ಟ್ರರೂಪಕವನ್ನು ಅದು ಹುಟ್ಟಿಸುವ ಭಾವದ ತೀವ್ರತೆಯಿಂದ ಅಳೆದರೆ ಸಾಲದು. ಯಾವ ಪ್ರಶ್ನೆಯನ್ನು ಅದು ಕೇಳಲಾಗದಂತೆ ಮಾಡುತ್ತದೆ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ.

ಭಾರತದ ಸಂದರ್ಭದಲ್ಲಿ ಇಂಥ ಪರಿಶೀಲನೆಗೆ ಮೊದಲು ಒಳಗಾಗಬೇಕಾದುದು ತಾಯಿಯ ರೂಪಕ. ವಂಗ ವಿಭಜನೆಯ ವರ್ಷವಾದ 1905ರಲ್ಲಿ ಅವನೀಂದ್ರನಾಥ ಠಾಕೂರರು ಚಿತ್ರಿಸಿದ ಭಾರತಮಾತೆ ಕಾವಿಯುಟ್ಟ ಯುವ ಸನ್ಯಾಸಿನಿ. ಅವಳ ನಾಲ್ಕು ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಬಿಳಿಯ ಬಟ್ಟೆ ಮತ್ತು ಜಪಮಾಲೆಗಳಿವೆ, ಆಯುಧವಿಲ್ಲ. ವಿದ್ಯೆ, ಅನ್ನ, ಬಟ್ಟೆ ಮತ್ತು ಅಧ್ಯಾತ್ಮಗಳನ್ನು ಮಕ್ಕಳಿಗೆ ನೀಡುವವಳಾಗಿ ನಿಂತಿರುವ ಈ ತಾಯಿಯ ಮುಂದೆ, ಅನ್ನ ಎಲ್ಲರಿಗೂ ತಲುಪಿತೇ, ಬಟ್ಟೆ ಎಲ್ಲರಿಗೂ ಸಿಕ್ಕಿತೇ ಎಂದು ಕೇಳಲು ಇನ್ನೂ ಅವಕಾಶವಿದೆ. ಮುಂದಿನ ದಶಕಗಳ ಅಚ್ಚಿನ ಚಿತ್ರಗಳಲ್ಲಿ ಈ ಅವಕಾಶ ಕಿರಿದಾಗುತ್ತ ಹೋಯಿತು. ಸುಮತಿ ರಾಮಸ್ವಾಮಿಯವರು 2010ರ ತಮ್ಮ ಅಧ್ಯಯನದಲ್ಲಿ ವಿಸ್ತಾರವಾಗಿ ತೋರಿಸಿರುವಂತೆ, ತಾಯಿಯ ಆಕೃತಿ ಭೂಪಟದೊಂದಿಗೆ ಬೆಸೆದುಕೊಂಡು, ಗಡಿರೇಖೆ ಅವಳ ಮೈಯ ಅಂಚಾಯಿತು. ಕೊಡುವ ತಾಯಿ ಕಾಪಾಡಬೇಕಾದ ತಾಯಿಯಾದಳು. ಇದು ಸಣ್ಣ ಬದಲಾವಣೆಯಲ್ಲ. ಎರಡು ಸಮುದಾಯಗಳ ನಡುವಣ ರಾಜಕೀಯ ವ್ಯಾಜ್ಯವನ್ನು ಮಾತುಕತೆಯಿಂದ ಬಗೆಹರಿಸಬಹುದು, ಆದರೆ ತಾಯಿಯ ಅಂಗಚ್ಛೇದದ ಬಗ್ಗೆ ಯಾರೂ ಮಾತುಕತೆಗೆ ಕೂರಲಾರರು. ದೇಶವಿಭಜನೆಯನ್ನು ಕುರಿತ ಚರ್ಚೆಯಲ್ಲಿ ದೇಹವನ್ನು ಕತ್ತರಿಸುವ ಮಾತು ಮೇಲುಗೈ ಪಡೆದಷ್ಟೂ ಇತರ ಪರಿಹಾರಗಳ ಶೋಧನೆಗೆ ಉಳಿದ ಜಾಗ ಕಡಿಮೆಯಾಯಿತು. 1936ರಲ್ಲಿ ಗಾಂಧೀಜಿ ಉದ್ಘಾಟಿಸಿದ ವಾರಾಣಸಿಯ ಭಾರತಮಾತಾ ಮಂದಿರದಲ್ಲಿ ಮೂರ್ತಿಯ ಬದಲು ಅಮೃತಶಿಲೆಯಲ್ಲಿ ಕಡೆದ ಉಬ್ಬು ಭೂಪಟವನ್ನಷ್ಟೇ ಇರಿಸಲಾಗಿದೆ. ಎಲ್ಲ ಮತದವರೂ ಬರಬಹುದಾದ ದೇಗುಲವೊಂದನ್ನು ಕಟ್ಟುವ ಆ ಪ್ರಯತ್ನ ಗೌರವಾರ್ಹವಾದುದು. ಆದರೂ ಅಲ್ಲಿ ಪೂಜ್ಯವಾದುದು ನೆಲದ ಆಕಾರವೇ ಹೊರತು ಅದರ ಮೇಲೆ ಬದುಕುವ ಜನರಲ್ಲ.

ರೂಪಕವೊಂದು ಕಾನೂನಿನ ಒಳಗೂ ಕೆಲಸ ಮಾಡಬಲ್ಲುದು ಎಂಬುದಕ್ಕೆ 1949ರ ಅಪಹೃತ ವ್ಯಕ್ತಿಗಳ ಕಾಯಿದೆ ಸಾಕ್ಷಿಯಾಗಿದೆ. ವಿಭಜನೆಯ ಹಿಂಸೆಯಲ್ಲಿ ಹೊತ್ತೊಯ್ಯಲಾಗಿದ್ದ ಹೆಂಗಸರನ್ನು ಪತ್ತೆಹಚ್ಚಿ ಮರಳಿಸುವುದು ಅದರ ಉದ್ದೇಶವಾಗಿತ್ತು. ಆ ಹೆಂಗಸರಲ್ಲಿ ಬಹಳ ಮಂದಿಗೆ ಈ ನೆರವು ನಿಜಕ್ಕೂ ಬೇಕಾಗಿತ್ತು ಎಂಬುದನ್ನು ಮರೆಯಲಾಗದು. ಆದರೆ ಕಾಯಿದೆಯ ಪದಗಳನ್ನು ಹತ್ತಿರದಿಂದ ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ಗಂಡುಮಕ್ಕಳು ಹದಿನಾರು ವರ್ಷಕ್ಕಿಂತ ಕಿರಿಯರಾಗಿದ್ದರೆ ಮಾತ್ರ ಅಪಹೃತರೆನಿಸುತ್ತಿದ್ದರು, ಹೆಂಗಸರಾದರೋ ಯಾವ ವಯಸ್ಸಿನವರಾದರೂ ಸರಿ. 1947ರ ಮಾರ್ಚ್ 1ರ ನಂತರ ತನ್ನ ಮನೆಯವರಿಂದ ಬೇರೆಯಾಗಿ ಬೇರೆಯವರ ಜೊತೆಯಲ್ಲಿ ಅಥವಾ ವಶದಲ್ಲಿ ಸಿಕ್ಕಿದವಳನ್ನು ಶಿಬಿರಕ್ಕೆ ಒಯ್ಯಬಹುದಿತ್ತು. ಅವಳಿಗೆ ಹೋಗುವ ಇಚ್ಛೆಯಿದೆಯೇ ಎಂಬುದು ನಿರ್ಣಾಯಕವಾಗಿರಲಿಲ್ಲ, ಶಿಬಿರದಲ್ಲಿರಿಸಿದ್ದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲೂ ಕಾಯಿದೆ ಎಡೆಗೊಡಲಿಲ್ಲ. ಸಂವಿಧಾನ ಜಾರಿಗೆ ಬಂದ ಮೇಲೆಯೂ, 1952ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಉರ್ವಶಿ ಬುಟಾಲಿಯಾ, ರಿತು ಮೆನನ್, ಕಮಲಾ ಭಾಸಿನ್ ಅವರ ಸಂಶೋಧನೆಗಳು ಇಂಥ ಹೆಂಗಸರ ಮಾತುಗಳನ್ನು ಸಂಗ್ರಹಿಸಿವೆ; ಮರಳಿ ಹೋಗಲು ಒಪ್ಪದವರೂ ಅವರಲ್ಲಿದ್ದರು. ರಾಷ್ಟ್ರವೇ ಹೆಣ್ಣಾದಾಗ ಹೆಣ್ಣಿನ ದೇಹ ರಾಷ್ಟ್ರದ ಮಾನವಾಗುತ್ತದೆ. ಆ ಮಾನವನ್ನು ಹಿಂಪಡೆಯುವ ಹೊಣೆ ಪ್ರಭುತ್ವದ್ದಾದ ಬಳಿಕ ಅವಳ ಒಪ್ಪಿಗೆಯನ್ನು ಕೇಳುವ ಅಗತ್ಯವೇ ತೋರುವುದಿಲ್ಲ. ಈ ಕಾಯಿದೆಗೆ ಆಡಳಿತದ ಕಾರಣಗಳೂ ಇದ್ದವು, ನಿಜ. ಆದರೆ ವಯಸ್ಕ ಪೌರಳೊಬ್ಬಳ ಇಚ್ಛೆಯನ್ನು ಇಷ್ಟು ಸಲೀಸಾಗಿ ಬದಿಗೆ ಸರಿಸಲಾದುದನ್ನು ಆ ಕಾರಣಗಳಷ್ಟೇ ವಿವರಿಸಲಾರವು.

ಈ ಅಪಾಯವನ್ನು ಸಾಕಷ್ಟು ಮುಂಚಿತವಾಗಿ ಕಂಡವರು ರವೀಂದ್ರನಾಥ ಠಾಕೂರರು. 1916ರಲ್ಲಿ ಪುಸ್ತಕವಾಗಿ ಬಂದ ‘ಘರೇ ಬಾಇರೇ’ ಕಾದಂಬರಿಯಲ್ಲಿ ಸ್ವದೇಶಿ ಚಳವಳಿಯ ಮುಂದಾಳು ಸಂದೀಪನು ಬಿಮಲೆಯಲ್ಲಿ ದೇಶವನ್ನೇ ಕಾಣುವುದಾಗಿ ಹೇಳಿ ಅವಳನ್ನು ಮರುಳುಗೊಳಿಸುತ್ತಾನೆ, ಅದೇ ಮಾತಿನ ಬಲದಿಂದ ಅವಳು ಮನೆಯ ಹಣವನ್ನು ಕದಿಯುವಂತೆಯೂ ಮಾಡುತ್ತಾನೆ. ಅವಳನ್ನು ದೇವಿಯಾಗಿಸದೆ ಮನುಷ್ಯಳಾಗಿ ಕಾಣಲು ಬಯಸಿದ ಪತಿ ನಿಖಿಲನ ಮಾತು ಅವಳಿಗೆ ರುಚಿಸುವುದಿಲ್ಲ. ರೂಪಕಕ್ಕೆ ಒಳಗಾದವರಿಗೆ ಅದು ಎಷ್ಟು ಆಕರ್ಷಕವೆಂಬುದನ್ನು ಮರೆಮಾಚದೆ ತೋರಿಸಿರುವುದರಿಂದಲೇ ಈ ಕಾದಂಬರಿಯ ವಿಮರ್ಶೆ ಪ್ರಬಂಧಗಳ ವಾದಕ್ಕಿಂತ ಆಳಕ್ಕೆ ಇಳಿಯುತ್ತದೆ.

ಕನ್ನಡದಲ್ಲಿ ಇದೇ ರೂಪಕವು ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯಲ್ಲಿ ಬೇರೊಂದು ತಿರುವನ್ನು ಪಡೆಯಿತು. ಏಕೀಕರಣಕ್ಕೆ ಬಹಳ ಮೊದಲೇ ರಚಿತವಾಗಿ 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಈ ಕವಿತೆಯಲ್ಲಿ ಭಾರತ ತಾಯಿ, ಕರ್ನಾಟಕ ಮಗಳು. ಮಗಳಿಗೆ ತನ್ನದೇ ನುಡಿ, ನದಿ, ಚರಿತ್ರೆಗಳಿವೆ. ಅವಳು ತಾಯಿಯ ಒಂದು ಅಂಗವಲ್ಲ, ತಾಯಿಯಿಂದ ಹುಟ್ಟಿ ಬೇರೆಯಾಗಿಯೇ ಬದುಕುವವಳು. ರಾಜ್ಯ ಮತ್ತು ಒಕ್ಕೂಟಗಳ ಸಂಬಂಧವನ್ನು ಹೀಗೆ ಕಲ್ಪಿಸುವುದರಿಂದ ನಾಡಿನ ಅಭಿಮಾನವು ದೇಶದ ಅಖಂಡತೆಗೆ ಎದುರಾಗಿ ನಿಲ್ಲಬೇಕಾಗಿಲ್ಲ. ಕವಿತೆ ನಾಡನ್ನು ಹಲವು ಮತದವರು ನೆಮ್ಮದಿಯಿಂದಿರುವ ತೋಟವಾಗಿಯೂ ಕಾಣುತ್ತದೆ. ಆಧುನಿಕ ಪ್ರಭುತ್ವವು ತೋಟಗಾರನಂತೆ ವರ್ತಿಸಿ ಬೇಡದವರನ್ನು ಕಳೆಯೆಂದು ಕೀಳುತ್ತದೆಯೆಂದು ಸಮಾಜಶಾಸ್ತ್ರಜ್ಞ ಜಿಗ್ಮಂಟ್ ಬೌಮನ್ ಎಚ್ಚರಿಸಿದ್ದುಂಟು; ಕುವೆಂಪು ಅವರ ತೋಟದಲ್ಲಾದರೋ ತೋಟಗಾರನೂ ಇಲ್ಲ, ಕಳೆಯೂ ಇಲ್ಲ. ಅದಕ್ಕಿಂತ ಮಹತ್ವದ್ದು ಕೊನೆಯ ರೂಪಕ. ಅಲ್ಲಿ ನಾಡು ದೇಹವಾಗುತ್ತದೆ, ಆದರೆ ಅದು ಕನ್ನಡ ತಾಯಿಯ ದೇಹವಲ್ಲ, ಅವಳ ಮಕ್ಕಳ ದೇಹ. ಭೂಪಟದ ತಾಯಿಗೆ ಗಡಿಯಲ್ಲಿ ಗಾಯವಾಗುತ್ತದೆ. ಮಕ್ಕಳ ದೇಹವಾದ ನಾಡಿಗೆ ಹಸಿವಿನಿಂದಲೂ ಅಸ್ಪೃಶ್ಯತೆಯಿಂದಲೂ ಗಾಯವಾಗುತ್ತದೆ. ನಾಡಗೀತೆಯನ್ನು ಎಷ್ಟು ನಿಮಿಷಗಳಲ್ಲಿ ಹಾಡಬೇಕೆಂಬ ಬಗ್ಗೆ ನಡೆದಷ್ಟು ಚರ್ಚೆ ಈ ಪಲ್ಲಟದ ಬಗ್ಗೆ ನಡೆಯದಿರುವುದು ವಿಷಾದದ ಸಂಗತಿ.

ಹಾಗೆಂದು ಈ ಕವಿತೆ ತನ್ನ ರೂಪಕದ ಮಿತಿಯಿಂದ ಪೂರ್ತಿಯಾಗಿ ಬಿಡಿಸಿಕೊಂಡಿದೆಯೆಂದು ಹೇಳಲಾಗದು. ಪಂಪ, ರನ್ನ, ಜನ್ನ, ಬಸವೇಶ್ವರ, ಕಬೀರ, ನಾನಕ, ಜಕಣ ಎಂದು ಅದು ಹೆಸರಿಸುವ ಮನುಷ್ಯರೆಲ್ಲ ಗಂಡಸರು. ಹೆಣ್ಣು ಅಲ್ಲಿ ತಾಯಿಯಾಗಿ, ಮಗಳಾಗಿ, ತುಂಗೆ ಕಾವೇರಿಯರಾಗಿ ಇದ್ದಾಳೆ; ಬಸವಣ್ಣನ ಸಮಕಾಲೀನಳಾದ ಅಕ್ಕಮಹಾದೇವಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ನಾಡನ್ನೇ ಹೆಣ್ಣಾಗಿಸಿದ ಮೇಲೆ ನಾಡಿನ ಹೆಂಗಸರನ್ನು ಬೇರೆಯಾಗಿ ನೆನೆಯಬೇಕೆಂದು ಇಷ್ಟು ವಿಶಾಲ ಮನಸ್ಸಿನ ಕವಿಗೂ ಆ ಕವಿತೆಯಲ್ಲಿ ತೋರಲಿಲ್ಲ.