ತೆರೆದ ಬಾಯಿ, ಮುಚ್ಚಿದ ಬಾಯಿ

ಜವುಗು ನೆಲದಲ್ಲಿ ಮೊಸಳೆಯ ಚಿತ್ರ ತೆಗೆಯಹೊರಟವನು ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಎಷ್ಟರಮಟ್ಟಿಗೆ ಇಳಿಸಬೇಕೆಂಬುದನ್ನು ಈ ವಾರ ಸವಿಸ್ತಾರವಾಗಿ ನಿರೂಪಿಸುವೆನೆಂದು ಕಳೆದ ವಾರ ವಾಗ್ದಾನ ಮಾಡಿದ್ದೆನಷ್ಟೆ. ಬುಧವಾರ ರಾತ್ರಿಯವರೆಗೂ ಆ ಸಂಕಲ್ಪ ಅಚಲವಾಗಿಯೇ ಇತ್ತು. ಗುರುವಾರ ಬೆಳಿಗ್ಗೆ, ಸಂಪಾದಕರ ಜ್ಞಾಪನೆ ಬರುವುದಕ್ಕೆ ಇನ್ನೂ ಒಂದೆರಡು ಗಳಿಗೆ ಇರುವಾಗ, ಮಿತ್ರರೊಬ್ಬರು ನನ್ನನ್ನು ಒಂದು ಛಾಯಾಚಿತ್ರ ಪ್ರದರ್ಶನಕ್ಕೆ ಕರೆದೊಯ್ಯದೆ ಇದ್ದಿದ್ದರೆ, ಈ ಅಂಕಣ ಟ್ರೈಪಾಡಿನ ಮೂರು ಕಾಲುಗಳ ನಡುವೆಯೇ ಸುಖವಾಗಿ ಮುಗಿದುಹೋಗುತ್ತಿತ್ತು. ಆ ಪ್ರದರ್ಶನದ ಮುಖ್ಯ ಗೋಡೆಯ ಮೇಲೆ ಫ್ಲಾರಿಡಾದ ಅಲಿಗೇಟರೊಂದು ಬಾಯಿಯನ್ನು ಅಗಲಿಸಿಕೊಂಡು ದಡದಲ್ಲಿ ಮಲಗಿರುವ ಚಿತ್ರ. ಕೆಳಗೆ ‘ರೌದ್ರ’ ಎಂಬ ಶೀರ್ಷಿಕೆ. ಪಕ್ಕದಲ್ಲಿ ಪ್ರಥಮ ಬಹುಮಾನದ ಕೆಂಪು ಪಟ್ಟಿ.

ಈ ‘ತೆರೆದ ಬಾಯಿ’ಯ ಪಂಥದೊಡನೆ ನನಗಿರುವ ವ್ಯಾಜ್ಯ ಹಳೆಯದು. ಹಲ್ಲು ಕಾಣದಿದ್ದರೆ ಅದು ಮೊಸಳೆಯ ಚಿತ್ರವೇ ಅಲ್ಲವೆಂಬುದು ಅವರ ಮೂಲಸೂತ್ರ. ಹಲ್ಲು ಕಾಣಲೆಂದು ಗಂಟೆಗಟ್ಟಲೆ ಕಾಯುವ ಸಾಧುಗಳೂ ಅವರಲ್ಲಿ ಉಂಟು. ಕಾಯಲಾರದೆ ಮಾಂಸದ ತುಂಡೆಸೆದು ಬಾಯಿ ತೆರೆಸುವ ಪಾಪಿಗಳೂ ಉಂಟು. ಅಲಿಗೇಟರಿಗೆ ಆಹಾರವಿಕ್ಕುವುದು ಫ್ಲಾರಿಡಾದಲ್ಲಿ ಅಪರಾಧ. ಅದು ಮನುಷ್ಯನಿಗಾಗಿ ಮಾಡಿದ ಕಾನೂನು ಮಾತ್ರವಲ್ಲ, ಮೊಸಳೆಗಾಗಿಯೂ ಮಾಡಿದ್ದು. ಏಕೆಂದರೆ ಮನುಷ್ಯನ ಕೈಯನ್ನೂ ತುತ್ತನ್ನೂ ಒಂದೆಂದು ಭಾವಿಸಲು ಕಲಿತ ಪ್ರಾಣಿಯನ್ನು ಕೊನೆಗೆ ಕೊಲ್ಲುವುದಲ್ಲದೆ ಅನ್ಯ ಮಾರ್ಗ ಸಾಮಾನ್ಯವಾಗಿ ಉಳಿಯುವುದಿಲ್ಲ. ಪಾಪಿಗಳ ಮಾತು ಹಾಗಿರಲಿ, ಸಾಧುಗಳಾದರೂ ಕಾದು ಪಡೆದದ್ದೇನು? ಬಿಸಿಲಿಗೆ ಮೈಯೊಡ್ಡಿದ ಮೊಸಳೆ ಬಾಯಿ ತೆರೆಯುವುದು ತಲೆಯ ತಾಪವನ್ನು ಕಳೆದುಕೊಳ್ಳಲಿಕ್ಕೆ. ರಂಗನತಿಟ್ಟಿನ ಬಂಡೆಯ ಮೇಲೆ ಹಾಗೆಯೇ ಬಿದ್ದುಕೊಂಡಿದ್ದ ನಮ್ಮ ಮೊಸಳೆಯೊಂದನ್ನು ಕಂಡು ದೋಣಿಯಲ್ಲಿದ್ದವರೆಲ್ಲ ಕಿರುಚಿಕೊಂಡಾಗ ಅಂಬಿಗನು ಹುಟ್ಟು ನಿಲ್ಲಿಸದೆಯೇ, “ಕೋಪಕ್ಕಲ್ಲ ಸ್ವಾಮಿ, ಸೆಕೆಗೆ” ಎಂದನು. ರಸಶಾಸ್ತ್ರದ ಗಂಧವಿಲ್ಲದ ಆ ಮನುಷ್ಯನಿಗೆ ತಿಳಿದಿದ್ದುದು ಬಹುಮಾನ ಕೊಟ್ಟ ತೀರ್ಪುಗಾರರಿಗೆ ತಿಳಿಯಲಿಲ್ಲ.

ಅಲಿಗೇಟರಿನ ರೌದ್ರವನ್ನು ಕಾಣಬೇಕೆನ್ನುವವರು ಲೇಕ್ ವುಡ್ರಫ್ ವನ್ಯಜೀವಿ ಆಶ್ರಯಕ್ಕೆ ಏಪ್ರಿಲ್ ತಿಂಗಳ ಬೆಳಗಿನಲ್ಲಿ ಹೋಗಬೇಕು. ಫ್ಲಾರಿಡಾದ ನಡುಭಾಗದಲ್ಲಿ, ಉತ್ತರಾಭಿಮುಖವಾಗಿ ಅತಿ ಮಂದಗತಿಯಿಂದ ಹರಿಯುವ ಸೇಂಟ್ ಜಾನ್ಸ್ ನದಿಯ ಮಗ್ಗುಲಲ್ಲಿ ಹರಡಿರುವ ಈ ಜವುಗಿನಲ್ಲಿ, ನಮ್ಮ ಕೆರೆಯ ಏರಿಯಂತೆಯೇ ಮಣ್ಣಿನ ಏರಿಗಳನ್ನು ಹಾಕಿ ಕೊಳಗಳನ್ನು ವಿಂಗಡಿಸಿದ್ದಾರೆ. ಏರಿಯ ಮೇಲೆ ನಡೆಯುತ್ತಿದ್ದರೆ ಒಂದು ಕಡೆ ಹುಲ್ಲು, ಒಂದು ಕಡೆ ಕಪ್ಪು ನೀರು, ನೀರಿನಲ್ಲಿ ಕೊರಡೆಂದು ತೋರಿ ಕಣ್ಣಾಗುವ ಕೊರಡುಗಳು. ಚರ್ಮದ ವ್ಯಾಪಾರಿಗಳ ಕೈಯಲ್ಲಿ ನಿರ್ನಾಮವಾಗುವುದರಲ್ಲಿದ್ದು, 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿ, 1987ರಲ್ಲಿ ಸಂಪೂರ್ಣವಾಗಿ ಚೇತರಿಸಿಕೊಂಡಿತೆಂದು ಸಾರಲ್ಪಟ್ಟ ಪ್ರಾಣಿ ಇದು. ಇಂದು ಅಲ್ಲಿ ಅದನ್ನು ಹುಡುಕುವುದು ಕಷ್ಟವಲ್ಲ. ಕಣ್ಣಿಗೂ ಮೂಗಿನ ತುದಿಗೂ ನಡುವೆ ಎಷ್ಟು ಅಂಗುಲವೋ ಮೈ ಅಷ್ಟು ಅಡಿ ಎಂಬ ಲೆಕ್ಕವನ್ನೂ, ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೆಯ ಹಲ್ಲು ಅಡಗಿದರೆ ಅಲಿಗೇಟರ್, ಹೊರಗೆ ಕಂಡರೆ ಮೊಸಳೆ ಎಂಬ ಭೇದವನ್ನೂ ಈ ಅಂಕಣದ ನಿತ್ಯ ಓದುಗರಿಗೆ ಮತ್ತೆ ಹೇಳಬೇಕಾದುದಿಲ್ಲ.

ಈ ನದಿಯ ಹೆಸರೆತ್ತಿದ ಮೇಲೆ ವಿಲಿಯಂ ಬಾರ್ಟ್ರಮನನ್ನು ಬಿಟ್ಟು ಮುಂದುವರಿಯುವುದು ನನ್ನಿಂದಾಗದು. ಫಿಲಡೆಲ್ಫಿಯಾದ ಈ ಸಸ್ಯಶಾಸ್ತ್ರಜ್ಞನು, ಲಂಡನ್ನಿನ ವೈದ್ಯ ಫಾದರ್ಗಿಲ್ ಕೊಟ್ಟ ಹಣದ ಆಸರೆಯಿಂದ, 1774ರಲ್ಲಿ ಒಂದು ಸಣ್ಣ ದೋಣಿಯಲ್ಲಿ ಈ ನೀರಿನಲ್ಲಿಯೇ ಸಂಚರಿಸಿದವನು; ಸೆಮಿನೋಲ್ ಜನರ ಮುಖಂಡನೊಬ್ಬನು ಇವನಿಗೆ ‘ಹೂವನ್ನು ಅರಸುವವ’ ಎಂಬರ್ಥದ ಹೆಸರನ್ನಿಟ್ಟಿದ್ದನು. ಹೂವನ್ನು ಅರಸಿಹೋದವನಿಗೆ ಸಿಕ್ಕಿದ್ದು ಮೊಸಳೆ. 1791ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ, ಸಂಜೆಯ ಊಟಕ್ಕೆ ಮೀನು ಹಿಡಿಯಲು ದೋಣಿಯಲ್ಲಿ ಹೊರಟ ಅವನನ್ನು ಅಲಿಗೇಟರುಗಳು ಸುತ್ತುವರಿದುದು, ದೊಣ್ಣೆಯೊಂದೇ ಆಯುಧವಾಗಿ ಅವನು ದಡ ಸೇರಿದುದು, ಮೀನಿನ ಮಹಾಪ್ರವಾಹ ನದಿಯ ಕಿರುದಾರಿಯಲ್ಲಿ ನುಗ್ಗಿದಾಗ ಅದನ್ನು ತಡೆದು ನಿಂತ ಮೊಸಳೆಗಳ ತಲೆಯ ಮೇಲೆ ಕಾಲಿಟ್ಟು ಆಚೆ ದಡಕ್ಕೆ ನಡೆದುಹೋಗಬಹುದಾಗಿತ್ತೆನ್ನುವಷ್ಟು ಅವು ದಟ್ಟೈಸಿದ್ದುದು, ಎಲ್ಲವೂ ಬರುತ್ತದೆ. ಎರಡು ಗಂಡುಗಳ ಕಾಳಗದ ವರ್ಣನೆಯಂತೂ ನಮ್ಮ ಹಳೆಯ ಕವಿಗಳ ಯುದ್ಧವರ್ಣನೆಗೆ ಸರಿದೊರೆಯಾದುದು: ಬಾಲ ನೀರಿನ ಮೇಲೆ ಎದ್ದು ಆಡುತ್ತದೆ, ದವಡೆಯಿಂದ ನೀರು ಜಲಪಾತದಂತೆ ಸುರಿಯುತ್ತದೆ, ಮೂಗಿನ ಹೊಳ್ಳೆಗಳಿಂದ ಹೊಗೆ ಹೊರಡುತ್ತದೆ, ಗುಡುಗಿಗೆ ನೆಲವೇ ಅದುರುತ್ತದೆ. ಅವನು ಸ್ವಹಸ್ತದಿಂದ ಬರೆದ ಚಿತ್ರದಲ್ಲಿಯೂ ಹೊಳ್ಳೆಗಳಿಂದ ಆ ಹೊಗೆ ಏಳುತ್ತಿದೆ.

ಆ ಹೊಗೆಗಾಗಿ ಬಾರ್ಟ್ರಮನು ಅಪಹಾಸ್ಯಕ್ಕೆ ಗುರಿಯಾದನು. ಸತ್ಯವಂತನಾದ ಸಸ್ಯಶಾಸ್ತ್ರಿ ಮೊಸಳೆಯ ಪ್ರಕರಣದಲ್ಲಿ ಮಾತ್ರ ಕವಿಯಾಗಿಬಿಟ್ಟನೆಂದು ಪಂಡಿತರು ನಕ್ಕರು. ನಾನೂ ಹಲವು ವರ್ಷ ನಕ್ಕವರ ಪಕ್ಷದಲ್ಲಿಯೇ ಇದ್ದೆ.

ಪಕ್ಷಾಂತರವಾದದ್ದು ವುಡ್ರಫಿನ ಏರಿಯ ಮೇಲೆ, ಒಂದು ತಂಪು ಬೆಳಗಿನಲ್ಲಿ. ಕಾಲುವೆಯ ಆಚೆ ಬದಿಯಲ್ಲಿ ತೇಲುತ್ತಿದ್ದ ದೊಡ್ಡ ಗಂಡೊಂದರ ಕಣ್ಣಿಗೆ ನನ್ನ 600 ಮಿಲಿಮೀಟರಿನ ಲೆನ್ಸನ್ನು ಗುರಿಯಿಟ್ಟು, ಕಪ್ಪು ಮೈ, ಕಪ್ಪು ನೀರು ಕ್ಯಾಮೆರಾದ ಬೆಳಕಿನ ಲೆಕ್ಕವನ್ನು ಮೋಸಗೊಳಿಸದಂತೆ ಒಂದು ಸ್ಟಾಪ್ ಕಡಿಮೆ ಮಾಡಿಕೊಂಡು, ನೆಲಕ್ಕೆ ಎದೆಯೊತ್ತಿ ಮಲಗಿದ್ದೆ. ಅದು ಉಸಿರು ತುಂಬಿಕೊಂಡು ಉಬ್ಬಿತು. ತಲೆಯನ್ನೂ ಬಾಲವನ್ನೂ ಮೇಲೆತ್ತಿ ಬಿಲ್ಲಿನಂತೆ ಬಾಗಿತು. ಬಾಯಿ ಹೆಚ್ಚುಕಡಮೆ ಮುಚ್ಚಿಯೇ ಇತ್ತು. ಶಬ್ದ ಕೇಳುವುದಕ್ಕೆ ಮೊದಲೇ ಅದರ ಬೆನ್ನಿನ ಮೇಲಣ ನೀರು, ಕಾದ ಹೆಂಚಿನ ಮೇಲೆ ಚಿಮುಕಿಸಿದ ಹನಿಗಳಂತೆ, ಮೇಲಕ್ಕೆ ಹಾರಿ ಕುಣಿಯಲಾರಂಭಿಸಿತು. ಮನುಷ್ಯನ ಕಿವಿಗೆ ನಿಲುಕುವ 20 ಹರ್ಟ್ಸಿಗಿಂತ ಕೆಳಗಿನ ಕಂಪನ ಅದು. ಗಂಡು ಅಲಿಗೇಟರುಗಳಿಗೆ ಮಾತ್ರ ಸಿದ್ಧಿಸಿದ ವಿದ್ಯೆ. ಅನಂತರ ಗರ್ಜನೆ, ಆ ಗರ್ಜನೆಗೆ ಕೊಳದ ಆಚೆಯಿಂದ ಇನ್ನೊಂದರ ಉತ್ತರ, ಅದಕ್ಕೆ ಮತ್ತೊಂದರದು, ಹೆಣ್ಣುಗಳದೂ ಸೇರಿ. ಹಿಂದಿನಿಂದ ಬಂದ ಎಳೆಬಿಸಿಲಿನಲ್ಲಿ ಆ ತುಂತುರೂ ಅದರ ಉಸಿರೂ ಬೆರೆತು ಮೇಲೆದ್ದುದನ್ನು ಹೊಗೆಯೆನ್ನದೆ ಬೇರೇನೆಂದು ಕರೆಯಬೇಕೋ ನನಗೆ ತೋರಲಿಲ್ಲ. ಎದೆಯ ಕೆಳಗೆ ಏರಿಯ ಮಣ್ಣು ಅದುರಿತೆಂದು ನಾನು ಪ್ರಮಾಣ ಮಾಡಬಲ್ಲೆ. ಕಾಳಗದಲ್ಲಿ ಬಾಯಿ ತೆರೆದೇ ಇತ್ತೆಂದು ಬಾರ್ಟ್ರಮನು ಬರೆದಿರುವುದನ್ನು ಎದುರು ಪಕ್ಷದವರು ಎತ್ತಿ ತೋರಿಸಬಹುದು, ತೋರಿಸಲಿ. ಅದು ಮೀನು ನುಂಗುವ, ಕಚ್ಚಾಡುವ ಬಾಯಿ. ದಡದ ಮೇಲೆ ತೆರೆದುಕೊಂಡು ಬಿದ್ದಿರುವ ಬಾಯಿ ಮೌನದ್ದು. ಗುಡುಗುವುದು ಮುಚ್ಚಿದ ಬಾಯಿಯೇ.

ಇಷ್ಟಾದ ಮೇಲೆ ನನ್ನ ಚಿತ್ರವೆಲ್ಲಿ ಎಂದು ಓದುಗರು ಕೇಳುವುದು ನ್ಯಾಯವೇ. ಚಿತ್ರವಿದೆ, ಕಣ್ಣು ಸೂಜಿಯ ಮೊನೆಯಷ್ಟು ಸ್ಪಷ್ಟವಾಗಿದೆ, ಗಲ್ಲದ ಮಡಿಕೆಗಳನ್ನು ಎಣಿಸಬಹುದು, ಬೆನ್ನು ಮಾತ್ರ ಇಲ್ಲ. ಮುಖವನ್ನು ಚೌಕಟ್ಟಿನ ತುಂಬ ತುಂಬಿಸುವ ಚಪಲದಿಂದ, ಹನಿಗಳು ಕುಣಿದ ಜಾಗವನ್ನೇ ನಾನು ಹೊರಗೆ ಬಿಟ್ಟಿದ್ದೆ. ಹಲ್ಲಿನ ಮೋಹದವರನ್ನು ಇಷ್ಟು ಹೊತ್ತು ಬೈದವನು ಕಣ್ಣಿನ ಮೋಹದಲ್ಲಿ ಅವರಷ್ಟೇ ಕುರುಡನಾಗಿದ್ದನೆಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಆದುದರಿಂದ, ಏಪ್ರಿಲಿನಲ್ಲಿ ಅತ್ತ ಹೋಗುವ ಓದುಗರು 600ನ್ನು ಮನೆಯಲ್ಲಿಯೇ ಇಟ್ಟು 300ನ್ನು ಒಯ್ಯಬೇಕು. ಸೂರ್ಯ ಮೊಸಳೆಯ ಹಿಂದಿರುವಂತೆ, ನೀರು ತಮಗೂ ಅದಕ್ಕೂ ನಡುವೆ ಇರುವಂತೆ ಜಾಗ ಹಿಡಿಯಬೇಕು. ಷಟರನ್ನು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿಗೆ ಇಟ್ಟುಕೊಂಡು, ಬಾಯಿ ಮುಚ್ಚಿರುವ ಮೊಸಳೆಯ ಎದುರು ತಾವೂ ಬಾಯಿ ಮುಚ್ಚಿಕೊಂಡು ಕಾಯಬೇಕು. ಟ್ರೈಪಾಡಿನ ಎತ್ತರದ ವಿಷಯ ಮುಂದಿನ ವಾರಕ್ಕೆ.