ಶೂನ್ಯಸಂಪಾದನೆಯಲ್ಲಿ ಸಭಾಮರ್ಯಾದೆಯೂ ಅಧ್ಯಕ್ಷನ ಹೊಣೆಯೂ

ವಿಚಾರಕ್ಕೆಂದು ಕೂಡಿದ ಸಭೆಯಲ್ಲಿ ಯಾವ ಮಾತು ಸಲ್ಲತಕ್ಕದ್ದು, ಯಾವುದು ಸಲ್ಲದು; ಅದನ್ನು ನಿರ್ಣಯಿಸುವ ಅಧಿಕಾರ ಯಾರದು; ಆ ನಿರ್ಣಯಕ್ಕಾಗಿ ಅವರು ಯಾರಿಗೆ ಉತ್ತರ ಹೇಳಬೇಕು — ಈ ಪ್ರಶ್ನೆಗಳು ನಮ್ಮ ಪ್ರಾಚೀನರಿಗೆ ಅಪರಿಚಿತವಾದುವಲ್ಲ. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರು ಬಗೆಯಾಗಿ ವಿಂಗಡಿಸುತ್ತವೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಕೆಡಹುವುದಷ್ಟೇ ವಿತಂಡಾ. ಚರಕಸಂಹಿತೆಯ ವಿಮಾನಸ್ಥಾನವೂ ವೈದ್ಯರ ಸಂಭಾಷೆಯನ್ನು ಸ್ನೇಹದಿಂದ ನಡೆಯುವುದು, ಹೋರಾಟದಿಂದ ನಡೆಯುವುದು ಎಂದು ಎರಡಾಗಿ ವಿಭಾಗಿಸಿ, ಸಭೆಯ ಸ್ವರೂಪವನ್ನು ಅರಿತು ಮಾತನಾಡಬೇಕೆಂದು ವಿಧಿಸುತ್ತದೆ. ಕನ್ನಡದಲ್ಲಿಯಾದರೋ 9ನೆಯ ಶತಮಾನದ ಕವಿರಾಜಮಾರ್ಗವೇ ಪರರ ವಿಚಾರವನ್ನು ಸೈರಿಸುವ ಶಕ್ತಿಯನ್ನು ಸಂಪತ್ತೆಂದು ಎಣಿಸಿದೆ.

ಆದರೆ ಇವೆಲ್ಲವೂ ಲಕ್ಷಣಗಳು. ಲಕ್ಷಣವನ್ನು ಲಕ್ಷ್ಯದಲ್ಲಿ ಕಾಣಬೇಕಾದರೆ ಸಭೆಯನ್ನೇ ವಸ್ತುವಾಗಿ ಉಳ್ಳ ಕೃತಿಯೊಂದನ್ನು ಪರಿಶೀಲಿಸಬೇಕು. ಕನ್ನಡದಲ್ಲಿ ಅಂತಹ ಕೃತಿ ಶೂನ್ಯಸಂಪಾದನೆ. 12ನೆಯ ಶತಮಾನದ ಶರಣರ ವಚನಗಳನ್ನು ಆಯ್ದು, ಅವುಗಳನ್ನು ಪ್ರಶ್ನೋತ್ತರಗಳಾಗಿ ಜೋಡಿಸಿ, ನಡುನಡುವೆ ಗದ್ಯದ ಕೊಂಡಿಗಳನ್ನು ಹಾಕಿ ಇದನ್ನು ಕಟ್ಟಲಾಗಿದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಇದನ್ನು ಮೊದಲು ರಚಿಸಿದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಇವರು ತಮ್ಮ ತಮ್ಮ ದೃಷ್ಟಿಗೆ ತಕ್ಕಂತೆ ಪರಿಷ್ಕರಿಸಿದರು. ಈ ಕೃತಿಯ ತತ್ತ್ವಾರ್ಥವನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇದರ ಇಂಗ್ಲಿಷ್ ಅನುವಾದವನ್ನೂ ಹೊರತಂದಿತು. ಪ್ರಕೃತ ಲೇಖನದ ಉದ್ದೇಶ ಬೇರೆ. ಈ ಸಭೆಯ ಮರ್ಯಾದೆ ಎಂತಹದು, ಅದರ ಅಧ್ಯಕ್ಷಪೀಠವನ್ನು ಏರುವ ಅಲ್ಲಮಪ್ರಭುವಿನ ಹೊಣೆ ಎಷ್ಟರದು ಎಂಬುದನ್ನಷ್ಟೇ ಇಲ್ಲಿ ವಿಮರ್ಶಿಸಲಾಗುವುದು. ಅನುಭವಮಂಟಪವು ಚಾರಿತ್ರಿಕವಾಗಿ ಹೇಗಿದ್ದಿತು ಎಂಬ ವಿವಾದ ಇಲ್ಲಿ ಪ್ರಸ್ತುತವಲ್ಲ. ನಮ್ಮ ಮುಂದಿರುವುದು ಕೃತಿಯೊಳಗಿನ ಸಭೆ.

ಶೂನ್ಯಸಂಪಾದನೆಯನ್ನು ಮೊದಲ ಬಾರಿಗೆ ಓದುವ ವಿದ್ಯಾರ್ಥಿಗೆ ಆಶ್ಚರ್ಯವುಂಟುಮಾಡುವುದು ಅಲ್ಲಿನ ಮಾತಿನ ಬಿರುಸು. ಮಹಾನುಭಾವರೆನಿಸಿದವರು ಒಬ್ಬರನ್ನೊಬ್ಬರು ಹೀಗೆ ನುಡಿಯಬಹುದೇ ಎಂದು ಆತನು ಕೇಳುವುದುಂಟು. ಸೌಜನ್ಯವೆಂದರೆ ಮೃದುನುಡಿ ಎಂಬ ಸಾಮಾನ್ಯ ಭಾವನೆ ಈ ಪ್ರಶ್ನೆಯ ಹಿಂದೆ ಇದೆ. ಕೃತಿಯ ನಿಲುವು ಇದಲ್ಲ. ಮಾತು ಕಠಿಣವಾಗಿದೆಯೇ ಎಂಬುದು ಅಲ್ಲಿ ಮುಖ್ಯವಲ್ಲ; ಆ ಕಾಠಿಣ್ಯಕ್ಕೆ ಪ್ರತಿಯಾಗಿ ಅಷ್ಟೇ ಕಠಿಣವಾದ ಉತ್ತರವನ್ನು ಕೊಡುವ ಅವಕಾಶ ಎದುರಿನವರಿಗೆ ಇದೆಯೇ ಎಂಬುದು ಮುಖ್ಯ.

ಇದಕ್ಕೆ ಮೊದಲ ನಿದರ್ಶನ ಮುಕ್ತಾಯಕ್ಕನ ಪ್ರಸಂಗ. ಅಣ್ಣನಾದ ಅಜಗಣ್ಣನ ಅಗಲಿಕೆಯಿಂದ ಶೋಕಿಸುತ್ತಿರುವ ಆಕೆಯನ್ನು ಪ್ರಭು ಮಾತನಾಡಿಸುತ್ತಾನೆ. ಆಕೆ ಉಪದೇಶವನ್ನು ತಲೆಬಾಗಿ ಸ್ವೀಕರಿಸುವುದಿಲ್ಲ. ಉಪದೇಶಿಸುವವನ ಅಧಿಕಾರವನ್ನೇ ಪ್ರಶ್ನಿಸುತ್ತಾಳೆ. ಅರಿವನ್ನು ಮರೆಯಲ್ಲಿರಿಸಿಕೊಂಡು ಬಾಳಿದ ಅಣ್ಣನನ್ನು ಕಂಡವಳು ಅವಳು. ಮಾತನ್ನು ದಾಟಿದವನಿಗೆ ಇಷ್ಟೊಂದು ಮಾತೇಕೆ ಎಂಬುದು ಅವಳ ಆಕ್ಷೇಪದ ತಿರುಳು. ಮುಂದೆ ಸಭೆಗೆ ಅಧ್ಯಕ್ಷನಾಗಬೇಕಾದವನನ್ನು ಕೃತಿಯು ಪೀಠವೇರಿಸುವ ಮುನ್ನವೇ ಹೀಗೆ ವಿಚಾರಣೆಗೆ ನಿಲ್ಲಿಸುತ್ತದೆ. ಪ್ರಭು ಆ ಆಕ್ಷೇಪವನ್ನು ಅವಿನಯವೆಂದು ತಳ್ಳಿಹಾಕದೆ ಉತ್ತರ ಹೇಳುತ್ತಾನೆ. ಉತ್ತರ ಹೇಳಬಲ್ಲವನೇ ಪ್ರಶ್ನೆ ಕೇಳಲು ಅರ್ಹನೆಂಬ ನಿಯಮ ಇಲ್ಲಿ ಯಾರೂ ಘೋಷಿಸದೆಯೇ ಸ್ಥಾಪಿತವಾಗಿದೆ.

ಎರಡನೆಯ ನಿದರ್ಶನ ಕಲ್ಯಾಣದ ಬಾಗಿಲಿನದು. ಪ್ರಭು ಸಿದ್ಧರಾಮನೊಡನೆ ಬಸವಣ್ಣನ ಮಹಾಮನೆಯ ಬಾಗಿಲಿಗೆ ಬಂದು ನಿಂತಾಗ ಬಸವಣ್ಣನು ಲಿಂಗಪೂಜೆಯಲ್ಲಿದ್ದಾನೆ. ಅತಿಥಿಯನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹುತ್ತಾನೆ. ಪ್ರಭು ಒಳಗೆ ಬರಲೊಪ್ಪುವುದಿಲ್ಲ. ಆಗ ಬಸವಣ್ಣನ ತಪ್ಪನ್ನು ಎತ್ತಿ ಆಡುವವನು ವಯಸ್ಸಿನಲ್ಲಿ ಕಿರಿಯನೂ ಸೋದರಳಿಯನೂ ಆದ ಚನ್ನಬಸವಣ್ಣ. ಜಂಗಮವು ಬಾಗಿಲಲ್ಲಿ ನಿಂತಿರುವಾಗ ಪೂಜೆಯ ನೆವದಿಂದ ಒಳಗೆ ಕುಳಿತಿರುವುದು ಉಚಿತವಲ್ಲವೆಂದು ಅವನು ನೇರವಾಗಿಯೇ ನುಡಿಯುತ್ತಾನೆ. ಬಿಜ್ಜಳನ ಭಂಡಾರದ ಅಧಿಕಾರಿ, ಸಭೆಯ ಆತಿಥೇಯ, ಬಳಗಕ್ಕೆ ಹಿರಿಯ — ಈ ಮೂರು ಸ್ಥಾನಗಳೂ ಬಸವಣ್ಣನಿಗಿದ್ದುವು. ಮೂರರಲ್ಲಿ ಒಂದನ್ನೂ ಅವನು ಗುರಾಣಿಯಾಗಿ ಹಿಡಿಯುವುದಿಲ್ಲ; ಹೊರಗೆ ಬಂದು ಎಲ್ಲರ ಎದುರಿನಲ್ಲಿಯೇ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ನಿಯಮವು ಅತಿಥಿಗಿಂತ ಮೊದಲು ಆತಿಥೇಯನಿಗೆ ಅನ್ವಯಿಸುತ್ತದೆ ಎಂಬುದು ಈ ಪ್ರಸಂಗದ ಅರ್ಥ.

ಮೂರನೆಯದು ಅಕ್ಕಮಹಾದೇವಿಯ ಪ್ರವೇಶ. ನಿನ್ನ ಪತಿ ಯಾರೆಂದು ಪ್ರಭು ಕೇಳುತ್ತಾನೆ. ಉಡುಗೆಯನ್ನು ತೊರೆದವಳು ಮೈಯನ್ನು ಕೂದಲಿನಿಂದ ಮರೆಸಿಕೊಂಡಿರುವುದೇಕೆಂದು ಆಕ್ಷೇಪಿಸುತ್ತಾನೆ. ಲೋಕದ ಕಣ್ಣಿಗೆ ಇದು ಅಸಭ್ಯ ಪ್ರಶ್ನೆ. ಆದರೆ ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಪ್ರಶ್ನೆ ಗುಟ್ಟಾಗಿ ಕೇಳಿದುದಲ್ಲ, ಸಭೆಯ ನಡುವೆ ಕೇಳಿದುದು. ಉತ್ತರ ಹೇಳಲು ಅಕ್ಕನಿಗೆ ದೊರೆತ ಅವಕಾಶ ಕಿರಿದಲ್ಲ. ಮೈಯ ಮರೆ ತನಗಾಗಿ ಅಲ್ಲ, ನೋಡುವವರಿಗಾಗಿ ಎಂಬ ಅವಳ ಸಮಾಧಾನವು ಪ್ರಶ್ನೆಯನ್ನು ಕೇಳಿದವನ ಕಡೆಗೇ ತಿರುಗಿಸುತ್ತದೆ. ಕೊನೆಯದಾಗಿ, ಉತ್ತರ ಬಂದ ಮೇಲೆ ಪ್ರಭು ಅದನ್ನು ಮನ್ನಿಸಿ ಅವಳ ಹಿರಿಮೆಯನ್ನು ಸಭೆಯ ಮುಂದೆ ಕೊಂಡಾಡುತ್ತಾನೆ. ಸೋತ ಪ್ರಶ್ನೆಯನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳುವುದು ಅಧ್ಯಕ್ಷಧರ್ಮದ ಅತ್ಯಂತ ಕಠಿಣವಾದ ಭಾಗ. ಅದು ಇಲ್ಲಿ ನೆರವೇರಿದೆ. ಹಾಗೆಂದು ಪ್ರಸಂಗವನ್ನು ನಿರ್ದೋಷವೆನ್ನಲಾಗದು. ಪರೀಕ್ಷೆ ಹಲವರಿಗಿದ್ದರೂ ವಿವಾಹಸಂಬಂಧವೆಂಬ ಬಾಗಿಲನ್ನು ಪುರುಷ ಶರಣರಾರೂ ದಾಟಬೇಕಾಗಲಿಲ್ಲ. ಉತ್ತರದ ಸ್ವಾತಂತ್ರ್ಯ ಸಮವಾಗಿದ್ದರೂ ಪ್ರಶ್ನೆಯ ಭಾರ ಸಮವಾಗಿರಲಿಲ್ಲ.

ಈ ಭಾರದ ಅಸಮತೆ ಇನ್ನೂ ಸ್ಪಷ್ಟವಾಗುವುದು ಕಲ್ಯಾಣಕ್ಕೆ ಬರುವ ಮುನ್ನ ಸೊನ್ನಲಿಗೆಯಲ್ಲಿ ನಡೆದ ಪ್ರಸಂಗದಲ್ಲಿ. ಕೆರೆದೇಗುಲಗಳ ನಿರ್ಮಾಣದಲ್ಲಿ ತೊಡಗಿದ್ದ ಸಿದ್ಧರಾಮನನ್ನು ಪ್ರಭು ಒಡ್ಡನೆಂದು ಕರೆಯುತ್ತಾನೆ. ಕೆಲಸದ ಜನ ರೇಗಿ ಕಲ್ಲೆಸೆಯುತ್ತಾರೆ. ಸಿದ್ಧರಾಮನ ಕೋಪ ಹಣೆಗಣ್ಣಿನ ಉರಿಯಾಗುತ್ತದೆ. ಪ್ರಭುವಿನ ಮಹಿಮೆಯಿಂದ ಅದು ಅಡಗುತ್ತದೆ. ಪ್ರಭುವಿನ ಆಕ್ಷೇಪದಲ್ಲಿ ಸತ್ತ್ವವಿಲ್ಲದಿಲ್ಲ: ಹೊರಗಿನ ನಿರ್ಮಾಣದಲ್ಲಿ ಒಳಗಿನ ಅರಿವು ಮರೆಯಾಗಬಾರದೆಂಬುದು ವಿಚಾರಾರ್ಹವಾದ ಪಕ್ಷ. ಆದರೆ ಪಕ್ಷವನ್ನು ಖಂಡಿಸುವ ಮುನ್ನ ವ್ಯಕ್ತಿಯನ್ನು, ಅದೂ ದುಡಿಯುವ ಜನರ ಒಂದು ಸಮುದಾಯದ ಹೆಸರನ್ನೇ ಹೀನಾರ್ಥದಲ್ಲಿ ಬಳಸಿ ಕರೆದುದು ವಾದವನ್ನು ಜಲ್ಪಕ್ಕೆ ಇಳಿಸಿತು. ಕಲ್ಲೆಸೆದವರು ಕೇಳಿಸಿಕೊಂಡದ್ದು ತತ್ತ್ವವನ್ನಲ್ಲ, ತಮ್ಮ ಹೆಸರನ್ನು. ಮಾತಿನಿಂದ ಆದ ಕೇಡನ್ನು ಮಾತಿನಿಂದ ಸರಿಪಡಿಸಲಾಗದೆ ಕೃತಿಯು ಪವಾಡದ ನೆರವನ್ನು ಪಡೆಯುತ್ತದೆ. ಗುರುವು ಶಿಷ್ಯನ ಅಹಂಕಾರವನ್ನು ಕೆಣಕಿ ಕಳೆಯುವ ಉಪಾಯವಿದು ಎಂದು ಸಮರ್ಥಿಸುವವರುಂಟು. ಈ ಸಮರ್ಥನೆ ಎಲ್ಲ ಅಧ್ಯಕ್ಷರಿಗೂ, ಎಲ್ಲ ಕಾಲಕ್ಕೂ ಸುಲಭವಾಗಿ ಒದಗುವಂಥದು. ಆದುದರಿಂದಲೇ ವಿಮರ್ಶಕನು ಅದನ್ನು ಪರೀಕ್ಷಿಸದೆ ಒಪ್ಪಬಾರದು. ಅಕ್ಕನ ಪ್ರಸಂಗದಲ್ಲಿ ಉತ್ತರವು ಪ್ರಶ್ನೆಯನ್ನು ಗೆದ್ದಿತು. ಸೊನ್ನಲಿಗೆಯಲ್ಲಿ ಶಕ್ತಿಯು ಕೋಪವನ್ನು ಗೆದ್ದಿತು. ಇವೆರಡನ್ನೂ ಒಂದೇ ತೂಕದಲ್ಲಿ ಇಡಲಾಗದು.

ಇಷ್ಟು ಬಿರುಸಿನ ನಡುವೆಯೂ ಸಭೆ ಒಡೆಯದೆ ಉಳಿಯಲು ಕಾರಣವೇನು? ವಚನದ ರೂಪದಲ್ಲಿಯೇ ಇದಕ್ಕೆ ಒಂದು ಉತ್ತರವಿದೆಯೆಂದು ನಮಗೆ ತೋರುತ್ತದೆ. ಅಲ್ಲಮನ ಮಾತಿನಲ್ಲಿ ಗುಹೇಶ್ವರ, ಅಕ್ಕನ ಮಾತಿನಲ್ಲಿ ಚೆನ್ನಮಲ್ಲಿಕಾರ್ಜುನ, ಬಸವಣ್ಣನ ಮಾತಿನಲ್ಲಿ ಕೂಡಲಸಂಗಮದೇವ ಎಂಬ ಅಂಕಿತವಿದೆ. ಮುಕ್ತಾಯಕ್ಕನಿಗೆ ಅಣ್ಣನ ಹೆಸರೇ ಅಂಕಿತ. ಅಂಕಿತವು ಕರ್ತೃವಿನ ಗುರುತು ಎಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಸಭೆಯಲ್ಲಿ ಅದು ಇನ್ನೂ ಒಂದು ಕೆಲಸವನ್ನು ಮಾಡುತ್ತದೆ. ಎದುರಾಳಿಗೆಂದು ಆಡಿದ ಮಾತು ತನ್ನ ದೈವದ ಸಂಬೋಧನೆಯಲ್ಲಿ ಮುಗಿಯುವುದರಿಂದ ಎದುರಾಳಿ ಅದರ ಕೊನೆಯ ಶ್ರೋತೃವಾಗುವುದಿಲ್ಲ. ತಾನು ಯಾರ ಮುಂದೆ ಸುಳ್ಳಾಡಲಾರನೋ ಆ ಸಾಕ್ಷಿಯನ್ನು ಕರೆದೇ ಪ್ರತಿಯೊಬ್ಬನೂ ಮಾತನ್ನು ಮುಗಿಸುತ್ತಾನೆ. ಹೊಣೆಯಿಲ್ಲದ ವಚನ ಈ ಸಭೆಯಲ್ಲಿ ಒಂದೂ ಇಲ್ಲ. ಇಲ್ಲಿನ ಸಭಾಮರ್ಯಾದೆ ಹೊರಗಿನಿಂದ ಹೇರಿದ ಕಟ್ಟಳೆಯಲ್ಲ. ನುಡಿಯ ರಚನೆಯಲ್ಲಿಯೇ ಅಡಗಿದ ಸಂಯಮ.

ಹೀಗಿರಲು, ಈ ಸಭೆಯಲ್ಲಿ ಅಂಕಿತವಿಲ್ಲದೆ ಮಾತನಾಡುವವನು ಒಬ್ಬನೇ ಒಬ್ಬನು: ಸಂಕಲನಕಾರ. ವಚನಗಳನ್ನು ಬೆಸೆಯುವ ಗದ್ಯದ ಕೊಂಡಿಗಳು ಅವನವು. ಯಾರ ಮಾತು ಪ್ರಶ್ನೆ, ಯಾರದು ಉತ್ತರ, ಯಾರು ಮೊದಲು, ಯಾರು ಕೊನೆ, ಯಾರು ನಿರುತ್ತರರಾದರು ಎಂದು ನಿರ್ಣಯಿಸುವವನು ಅವನೇ. ಬೇರೆ ಬೇರೆ ಸಂದರ್ಭಗಳಲ್ಲಿ, ಅನೇಕ ವೇಳೆ ಏಕಾಂತದ ನಿವೇದನೆಯಾಗಿ ಹುಟ್ಟಿರಬಹುದಾದ ವಚನಗಳು ಅವನ ಜೋಡಣೆಯಿಂದ ವಾದದ ಉತ್ತರಗಳಾಗುತ್ತವೆ. ಪೀಠದಲ್ಲಿ ಕಾಣುವ ಅಧ್ಯಕ್ಷನು ಪ್ರಭು. ಕಾಣದ ಅಧ್ಯಕ್ಷನು ಸಂಕಲನಕಾರ. ಪ್ರಭುವನ್ನು ಮುಕ್ತಾಯಕ್ಕ ಪ್ರಶ್ನಿಸಬಲ್ಲಳು, ಬಸವಣ್ಣನನ್ನು ಚನ್ನಬಸವಣ್ಣ ತಿದ್ದಬಲ್ಲನು. ಸಂಕಲನಕಾರನನ್ನು ಒಳಗಿನವರಾರೂ ಪ್ರಶ್ನಿಸಲಾರರು.

ಇದು ಬರಿಯ ಸೂಕ್ಷ್ಮತರ್ಕವಲ್ಲವೆಂಬುದಕ್ಕೆ ಸಿದ್ಧರಾಮನ ದೀಕ್ಷೆಯೇ ಸಾಕ್ಷಿ. ಮೊದಲ ಸಂಕಲನದಲ್ಲಿಲ್ಲದ ಈ ಪ್ರಸಂಗ ಗೂಳೂರ ಸಿದ್ಧವೀರಣ್ಣೊಡೆಯನ ಪರಿಷ್ಕರಣದಲ್ಲಿ ವಿಸ್ತಾರವಾಗಿ ಬರುತ್ತದೆ. ಇಷ್ಟಲಿಂಗದೀಕ್ಷೆಯಿಲ್ಲದೆಯೇ ಸಿದ್ಧರಾಮನು ಸಭೆಯ ಪೂರ್ಣಸದಸ್ಯನೆ, ಅಲ್ಲವೆ ಎಂಬ ಪ್ರಶ್ನೆಗೆ ಅವನು ಬಾಳಿ ಹಲವು ಶತಮಾನಗಳಾದ ಮೇಲೆ, ಅವನ ಮಾತನ್ನು ಕೇಳುವ ಸಂಭವವೇ ಇಲ್ಲದಾಗ, ನಿರ್ಣಯವಾಯಿತು. ಆ ನಿರ್ಣಯಕ್ಕೆ ಅಂದಿನ ಧಾರ್ಮಿಕ ಕಾರಣಗಳು ಇದ್ದಿರಬೇಕು. ಅವುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸಭೆಯೊಳಗಿನ ನಿರ್ಣಯಗಳೆಲ್ಲ ಸಂಬಂಧಪಟ್ಟವರ ಎದುರಿನಲ್ಲಿ, ಉತ್ತರವನ್ನು ಕೇಳಿ ಆದುವು. ಸಭೆಯನ್ನು ಕಟ್ಟಿದವರ ನಿರ್ಣಯ ಹಾಗೆ ಆಗಲಿಲ್ಲ ಎಂಬ ಅಂತರವನ್ನು ಮಾತ್ರ ಗುರುತಿಸಬೇಕಾಗಿದೆ. ಕೃತಿಯು ತಾನು ಎತ್ತಿಹಿಡಿದ ಆದರ್ಶವನ್ನು ತನ್ನ ರಚನಾವಿಧಾನದಲ್ಲಿ ಪೂರ್ಣವಾಗಿ ಪಾಲಿಸಿಲ್ಲ.

ಆದುದರಿಂದ ಶೂನ್ಯಸಂಪಾದನೆಯನ್ನು ಬೋಧಿಸುವ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ಪ್ರತಿಯೊಂದು ವಚನವನ್ನೂ ಎರಡು ಸಲ ಓದಿಸಬೇಕು: ಮೊದಲು ಬಿಡಿಯಾಗಿ, ಆಮೇಲೆ ಸಂಪಾದನೆಯ ಜೋಡಣೆಯಲ್ಲಿ. 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಪ್ರಕಟವಾದ ಸಮಗ್ರ ವಚನ ಸಂಪುಟದಿಂದಾಗಿ ಈ ಕಾರ್ಯ ಸುಲಭಸಾಧ್ಯವಾಗಿದೆ. ಎರಡು ಓದುಗಳ ನಡುವೆ ಅರ್ಥ ಎಲ್ಲಿ ಬದಲಾಯಿತೋ ಅಲ್ಲಿ ಸಂಕಲನಕಾರನ ಕೈ ಕಾಣುತ್ತದೆ. ಅದನ್ನು ಕಂಡ ವಿದ್ಯಾರ್ಥಿಗೆ ಕೃತಿಯ ಮೇಲಿನ ಗೌರವ ಕಡಿಮೆಯಾಗಲಾರದು. ಮಾತಿಗೂ ಮಾತಿನ ವ್ಯವಸ್ಥೆಗೂ ಇರುವ ಭೇದ ಆತನಿಗೆ ತಿಳಿಯುತ್ತದೆ.

ಅಧ್ಯಾಪಕನೂ ಒಂದು ಪುಟ್ಟ ಸಭೆಯ ಅಧ್ಯಕ್ಷನೇ. ತರಗತಿಯಲ್ಲಿ ಯಾರು ಮಾತನಾಡಬೇಕು, ಯಾವ ಪ್ರಶ್ನೆ ಅಪ್ರಸ್ತುತ, ಯಾವ ಮಾತು ಮಿತಿ ಮೀರಿತು ಎಂದು ಆತನು ದಿನವೂ ನಿರ್ಣಯಿಸುತ್ತಾನೆ. ಇಂತಹ ನಿರ್ಣಯಗಳಿಲ್ಲದೆ ಚರ್ಚೆ ನಡೆಯದು. ಎಲ್ಲರೂ ಒಮ್ಮೆಗೇ ಕೂಗುವ ಸಭೆಯಲ್ಲಿ ಗಟ್ಟಿ ಗಂಟಲೇ ಅಧ್ಯಕ್ಷನಾಗುತ್ತದೆ. ಆದರೆ ಆ ನಿರ್ಣಯ ಎಲ್ಲರೆದುರಿಗೆ ಆಗಬೇಕು, ಕಾರಣಸಹಿತವಾಗಿರಬೇಕು, ಆಕ್ಷೇಪಕ್ಕೆ ತೆರೆದಿರಬೇಕು. ನಿರ್ಣಯಿಸಿದವನು ತನ್ನ ಹೆಸರನ್ನು ಅದರ ಕೆಳಗೆ ಹಾಕಲು ಸಿದ್ಧನಿರಬೇಕು. ಮುಕ್ತಾಯಕ್ಕನ ಪ್ರಶ್ನೆಯನ್ನು ಸಹಿಸಿದ ಮೇಲೆಯೇ ಪ್ರಭು ಶೂನ್ಯಸಿಂಹಾಸನವನ್ನು ಏರಿದನೆಂಬುದನ್ನು, ಪೀಠದಲ್ಲಿ ಕುಳಿತವರು ಮರೆಯದಿದ್ದರೆ ಸಾಕು.