ಮೂಡೆ: ಪಾತ್ರೆಯೂ ಅದೇ, ಪೊಟ್ಟಣವೂ ಅದೇ

ಕರಾವಳಿಯ ಹೋಟೆಲಿನಲ್ಲಿ ಮೂಡೆ, ಅಂದರೆ ಓಲೆಯಲ್ಲಿ ಬೇಯಿಸಿದ ಕಡುಬು, ಪಾರ್ಸೆಲ್ ಕೇಳಿದರೆ ಬೇರೆ ಡಬ್ಬಿ ಬೇಕಾಗುವುದಿಲ್ಲ. ಬೆಂದ ಎಲೆಯಲ್ಲೇ ಅದು ಮನೆ ಸೇರುತ್ತದೆ.

ಆ ಎಲೆಯ ಹಿಂದಿನ ಕೈಕೆಲಸ ನೋಡಬೇಕು. ಕೇದಗೆ ಜಾತಿಯ ಮುಂಡುಕನ ಓಲೆಯ ಎರಡೂ ಅಂಚಿಗೆ ಮುಳ್ಳು, ನಡುವಿನ ದಿಂಡಿಗೂ ಮುಳ್ಳು. ಅದನ್ನೆಲ್ಲ ಕತ್ತಿಯಿಂದ ಸೀಳಿ ತೆಗೆದು, ಓಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸುತ್ತಾರೆ. ಹಸಿ ಓಲೆ ಬಗ್ಗಿಸಿದಲ್ಲಿ ಸೀಳುತ್ತದೆ. ಬಾಡಿದ್ದು ಹೇಳಿದಂತೆ ಕೇಳುತ್ತದೆ. ಆಮೇಲೆ ಅಂಚಿನ ಮೇಲೆ ಅಂಚು ಬರುವಂತೆ ಸುತ್ತುತ್ತ ಕೊಳವೆ ಮಾಡಿ, ಕಡ್ಡಿ ಚುಚ್ಚಿ ನಿಲ್ಲಿಸುವುದು. ಅಂಟಿಲ್ಲ, ದಾರವಿಲ್ಲ. ಆದರೂ ಹುಯ್ದ ಉದ್ದು–ಅಕ್ಕಿಯ ಹಿಟ್ಟು ಸೋರುವುದಿಲ್ಲ. ಪಳಗಿದ ಕೈಗೆ ಮಾತ್ರ ಒಲಿಯುವ ಬಿಗಿ ಅದು. ಹಬೆಯಲ್ಲಿ ಬೆಂದ ಮೇಲೆ ಬಿಚ್ಚಿದರೆ ಕಡುಬಿನ ಮೈಮೇಲೆ ಓಲೆಯ ಗೆರೆ, ಮೂಗಿಗೆ ಅದರದೇ ಘಮ. ಯಾವ ಡಬ್ಬಿ ಊಟಕ್ಕೆ ರುಚಿ ಕೂಡಿಸುತ್ತದೆ ಹೇಳಿ?



2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಲ್ಲಿ ನಿಷೇಧವಿದೆ. ಹೋಟೆಲಿನವರು ಪರ್ಯಾಯ ಹುಡುಕುತ್ತಿರುವಾಗ ಮೂಡೆ ಕಟ್ಟುವವರನ್ನೂ ಕರೆದು ಕೇಳಬೇಕು. ಅಷ್ಟಮಿ, ಚೌತಿಗಷ್ಟೇ ಅಲ್ಲ, ವರ್ಷವಿಡೀ ಕೆಲಸ, ಅದಕ್ಕೆ ತಕ್ಕ ಕೂಲಿ ಸಿಕ್ಕರೆ ಮುಳ್ಳು ಬಿಡಿಸುವ ಕೈಗಳು ಇನ್ನಷ್ಟು ಮುಂದೆ ಬಂದಾವು.